ಯಡಿಯೂರಿನ ಕಣ್ಣು

ಬೆಳಿಗ್ಗೆ ಕರೆಂಟು ಮೀಟರು ನೋಡಲು ಬಂದವನನ್ನು ಗೋವಿಂದಮ್ಮ ‘ಬನ್ನಿ ಬೀಗರೇ’ ಎಂದು ಒಳಗೆ ಕರೆದು, ಕುರ್ಚಿ ಹಾಕಿ, ಕಾಫಿ ಕೋಡುಬಳೆ ಕೊಟ್ಟು, ಮಂಡಿನೋವು ಹೇಗಿದೆ ಎಂದು ವಿಚಾರಿಸಿದ್ದೇ ಎಲ್ಲಕ್ಕೂ ಮೂಲವಾಯಿತು. ಆತ ಒಳ್ಳೆಯವನು. ಮಂಡಿ ಪರವಾಗಿಲ್ಲ ಎಂದು ಹೇಳಿ, ಕೋಡುಬಳೆ ಮುಗಿಸಿ, ಮೀಟರು ಬರೆದುಕೊಂಡು ಹೋದ.

ಸೊಸೆ ನಗಲಿಲ್ಲ. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಕಣ್ಣು ತೋರಿಸಲೇಬೇಕಂತೆ, ಜಯನಗರದ ಸ್ಕೂಲಿನಲ್ಲಿ ಇವತ್ತು ಕಣ್ಣಿನ ಕ್ಯಾಂಪು ಇದೆಯಂತೆ ಎಂದಳು, ಅಷ್ಟೆ.

“ನನ್ ಕಣ್ಣಿಗೇನಾಗಿದೆ? ಮೀಟರ್‌ನೋನು ಅಂತ ಮನೆಗೆ ಬಂದೋನ್ನ ಬಾಗಿಲಲ್ಲೇ ನಿಲ್ಲಿಸೋಕಾಗುತ್ತಾ?” ಎಂದರು ಗೋವಿಂದಮ್ಮ.

ಜರಿ ಅಸಲಿಯೋ ನಕಲಿಯೋ, ಬೇಳೆಗೆ ಹುಳ ಬಿದ್ದಿದೆಯೋ, ಹೆಣ್ಣು ನೋಡಲು ಬಂದ ಗಂಡಿನ ಅಂಗಿಯ ಕಾಲರು ತಿರುಗಿಸಿ ಹೊಲಿದದ್ದೋ, ಇಪ್ಪತ್ತು ವರ್ಷದಿಂದ ಯಡಿಯೂರಿನ ಆ ಬೀದಿಗೆ ಗೋವಿಂದಮ್ಮ ನೋಡಿ ಹೇಳಿದ್ದೇ ತೀರ್ಪು. ಎರಡು ವರ್ಷದಿಂದ ಈಚೆಗೆ ಲೋಕ ಗಂಜಿಯಲ್ಲಿ ಅದ್ದಿ ತೆಗೆದಂತೆ ಕಾಣುತ್ತಿದ್ದುದು ನಿಜ. ಕಾಣದ್ದನ್ನು ಬೆರಳು ಹೇಳುತ್ತಿತ್ತು, ಮೂಗು ಹೇಳುತ್ತಿತ್ತು. ಉಳಿದದ್ದನ್ನು ಅವರೇ ತುಂಬಿಕೊಳ್ಳುತ್ತಿದ್ದರು. ಕಣ್ಣು ಹೋಯಿತೆಂದು ಗೊತ್ತಾದರೆ ಆ ಬೀದಿಯಲ್ಲಿ ತಾನು ಯಾರು? ಸಪ್ಪೆ ಕಾಫಿ ಕುಡಿಯುವ ಇನ್ನೊಬ್ಬ ಮುದುಕಿ.

ಹೋಗದಿದ್ದರೆ ಸೊಸೆಯ ಅನುಮಾನ ಗಟ್ಟಿಯಾಗುತ್ತದೆಂದು ಅವರು ಹೊರಟೇಬಿಟ್ಟರು. ಸುದ್ದಿ ಕೇಳಿ ಮುನಿಯಕ್ಕ, ಸಪ್ಪಲಮ್ಮ, ಲಕ್ಷ್ಮಮ್ಮ ಮೊದಲಾಗಿ ಬೀದಿಯ ಏಳು ಹೆಂಗಸರು ಜೊತೆಗೂಡಿದರು. ಕೆಲವರಿಗೆ ಪೊರೆ, ಕೆಲವರಿಗೆ ಸಕ್ಕರೆ, ಅದೃಷ್ಟವಂತರಿಗೆ ಎರಡೂ. ಗೋಡೆಯ ಮೇಲಿನ ಅಕ್ಷರ ತಪ್ಪು ಓದಿದವರನ್ನು ಹಿಡಿದು ಮಲಗಿಸುತ್ತಾರಂತೆ, ಕಣ್ಣಿಗೆ ಬಟ್ಟೆ ಕಟ್ಟಿ ಒಂದು ವಾರ ಅಲ್ಲಾಡಲೂ ಬಿಡುವುದಿಲ್ಲವಂತೆ ಎಂದು ಮುನಿಯಕ್ಕ ದಾರಿಯುದ್ದಕ್ಕೂ ಹೆದರಿಸಿದಳು.

ಸ್ಕೂಲಿನಲ್ಲಿ ಸಾಲು ಕಿಟಕಿಯ ಪಕ್ಕದಲ್ಲೇ ನಿಂತಿತ್ತು. ಒಳಗಿನ ಗೋಡೆಯ ಮೇಲೆ ಚಾರ್ಟು.

“ಗೋವಿಂದಕ್ಕ, ನಿಂದು ಹದ್ದಿನ ಕಣ್ಣು. ಅದೇನ್ ಬರೆದವ್ರೋ ಒಸಿ ಓದ್ಬಿಡು. ನಾವು ಬಾಯಿಪಾಠ ಮಾಡ್ಕೋತೀವಿ,” ಎಂದಳು ಮುನಿಯಕ್ಕ.

ಗೋವಿಂದಮ್ಮ ಕಿಟಕಿಗೆ ಮುಖವಿಟ್ಟರು. ಬೆಳ್ಳಗೆ ಒಂದು ಚೌಕ, ಅದರ ಮೇಲೆ ಇರುವೆ ಮುತ್ತಿದಂತೆ ಕಪ್ಪು. ಹಿಂದೆ ಏಳು ಮುಖಗಳು ಕಾಯುತ್ತಿದ್ದವು. ಕಾಣುತ್ತಿಲ್ಲ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದು, ಅಲ್ಲಿಂದಲೇ ಹಿಂದಿರುಗಿತು.

“ಗ, ಪ, ಟ, ರ,” ಎಂದರು. “ಕೆಳಗೆ, ನ, ಡ, ಮ, ಲ.” ಹೇಳುತ್ತ ಹೇಳುತ್ತ ಅಕ್ಷರಗಳು ನಿಜವಾಗಿಯೂ ಕಂಡಂತಾಗಿ, ಕೊನೆಯ ಸಣ್ಣ ಸಾಲನ್ನೂ ಬಿಡದೆ ಓದಿಬಿಟ್ಟರು.

ಮುನಿಯಕ್ಕ ಅದನ್ನು ಸೋಬಾನೆಯ ಧಾಟಿಗೆ ಕೂರಿಸಿ ಎಲ್ಲರಿಗೂ ಕಲಿಸಿದಳು. ಗೋವಿಂದಮ್ಮ ಅವರನ್ನೆಲ್ಲ ಮುಂದೆ ಕಳಿಸಿ, ಮಕ್ಕಳನ್ನು ಪರೀಕ್ಷೆಗೆ ಕರೆತಂದ ಮೇಷ್ಟರ ಹಾಗೆ ಬಾಗಿಲಲ್ಲಿ ನಿಂತರು. ಒಬ್ಬೊಬ್ಬರೂ ಒಂದಕ್ಷರ ತಡವರಿಸದೆ ಒಪ್ಪಿಸಿ ಬಂದರು. ಸಪ್ಪಲಮ್ಮ ಮಾತ್ರ ಕೊನೆಯಲ್ಲಿ ರಾಗ ಎಳೆದಳು.

ಕಡೆಗೆ ಅವರ ಸರದಿ. ಕನ್ನಡಕದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅವರು ಓದಿದ್ದನ್ನು ಪೂರ್ತಿ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟಳು.

“ಅಮ್ಮ, ನಿಮ್ ಬೀದಿಯವರು ಏಳು ಜನಾನೂ ಇದನ್ನೇ ಓದಿದ್ರು. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಯಾರು ಹೇಳ್ಕೊಟ್ಟಿದ್ದು?”

“ನಾನೇ,” ಎಂದರು ಗೋವಿಂದಮ್ಮ. ತಡೆದುಕೊಳ್ಳಲು ಆಗಲಿಲ್ಲ.

“ಮೊದಲನೆಯವರು ಓದಿದ್ದು ಒಂದೂ ಈ ಚಾರ್ಟಲ್ಲಿಲ್ಲ. ಎರಡನೆಯವರೂ ಅದನ್ನೇ ಓದಿದ್ರು. ಆಗ ಚಾರ್ಟನ್ನ ತಿರುಗಿಸಿ ಹಾಕ್ಬಿಟ್ಟೆ. ಆಮೇಲಿಂದ ಎಲ್ಲರೂ ಖಾಲಿ ರಟ್ಟು ಓದ್ತಿದ್ದೀರಿ.”

ಗೋವಿಂದಮ್ಮ ಗೋಡೆಯತ್ತ ನೋಡಿದರು. ಅವರಿಗೆ ಅಲ್ಲಿ ಈಗಲೂ ‘ಗ’ ಇತ್ತು.

“ಈಗ ಡ್ರಾಪ್ಸ್ ಹಾಕ್ತೀವಿ. ಪಾಪೆ ದೊಡ್ಡದಾದ ಮೇಲೆ ಲೈಟ್ ಬಿಟ್ಟು, ಸಕ್ಕರೆಯಿಂದ ಕಣ್ಣಿನ ಹಿಂದಿನ ಪರದೆ ಕೆಟ್ಟಿದೆಯಾ ನೋಡ್ತೀನಿ. ಅದನ್ನ ಬಾಯಿಪಾಠ ಮಾಡೋಕಾಗಲ್ಲ,” ಎಂದಳು ಡಾಕ್ಟರಮ್ಮ.

ಮಧ್ಯಾಹ್ನದ ಹೊತ್ತಿಗೆ ಎಂಟು ಜನರನ್ನೂ ಕತ್ತಲೆ ಕೋಣೆಗೆ ಕರೆದು ನೋಡಿಯಾಗಿತ್ತು. ಏಳು ಜನರ ಕೈಗೂ ಒಂದೊಂದು ಚೀಟಿ ಬಂದಿತ್ತು. ಗೋವಿಂದಮ್ಮನ ಸರದಿ ಇಲ್ಲೂ ಕೊನೆಯದೇ. ಪೊರೆಯ ಸಂದಿನಲ್ಲಿ ಕಂಡಷ್ಟು ಮಟ್ಟಿಗೆ ಪರದೆ ಚೆನ್ನಾಗಿದೆ, ಪೊರೆ ತೆಗೆದರೆ ಖಂಡಿತ ಕಾಣುತ್ತದೆ ಎಂದು ಡಾಕ್ಟರಮ್ಮ ಹೇಳಿದಳು. ಆಮೇಲೆ ಮೆಚ್ಚುಗೆಯೋ ಎನ್ನುವಂತೆ ಸೇರಿಸಿದಳು: “ಇಡೀ ಕ್ಯಾಂಪಲ್ಲಿ ಇಷ್ಟು ಬಲಿತ ಪೊರೆ ನಿಮ್ದೊಂದೇ. ನಾಳೆ ಮೊದಲ ಆಪರೇಷನ್ ನಿಮಗೇ.”

ಗೋವಿಂದಮ್ಮ ಸೆರಗು ಸರಿಮಾಡಿಕೊಂಡು, ಗೋಡೆ ಸವರುತ್ತ, ತಲೆ ಎತ್ತಿಕೊಂಡೇ ಜಗುಲಿಗೆ ಬಂದರು. ಬೆಂಚಿನ ಮೇಲೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದ ಏಳು ಜನರೂ ಜರುಗಿ, ನಡುವೆ ಜಾಗ ಬಿಟ್ಟರು.

“ಏನಂದ್ರಕ್ಕಾ?” ಎಂದಳು ಮುನಿಯಕ್ಕ.

“ಇಡೀ ಕ್ಯಾಂಪಿಗೆ ನಾನೇ ಫಸ್ಟಂತೆ.”

ಯಾರಿಗೂ ಆಶ್ಚರ್ಯವಾಗಲಿಲ್ಲ.

“ಅದು ಗೊತ್ತಿದ್ದದ್ದೇ ಬಿಡು,” ಎಂದಳು ಮುನಿಯಕ್ಕ. “ಈಗ ನಮ್ಮ ಚೀಟೀಲಿ ಏನ್ ಬರೆದವ್ರೆ ಅಂತ ಒಸಿ ಓದ್ಹೇಳು.”

ಏಳು ಚೀಟಿಗಳು ಗೋವಿಂದಮ್ಮನ ಮೂಗಿನ ಮುಂದೆ ಬಂದು ನಿಂತವು.