ಬಿಚ್ಚದ ರೆಕಾರ್ಡು

ಎಲ್ಲ ಅನಾಹುತಕ್ಕೂ ಕಾರಣ ಒಂದು ತೆಳು ಪ್ಲಾಸ್ಟಿಕ್ ಹಾಳೆ. ಉಗುರು ತಾಗಿಸಿದರೆ ಸಾಕು, ಹರಿದು ಬರುವಂಥದ್ದು. ಅದನ್ನು ಹರಿಯುವುದೋ ಬಿಡುವುದೋ ಅನ್ನುವುದರಲ್ಲೇ ವಾಲ್ಡೆಮಾರ್ ಎಂಬ ಮನುಷ್ಯ ಇಡೀ ಒಂದು ಭಾನುವಾರ ಬೆಂದುಹೋದ.

ಬೇಯುವುದಕ್ಕೆ ಪ್ಲಾಸ್ಟಿಕ್ಕೇ ಬೇಕೆಂದೇನೂ ಇರಲಿಲ್ಲ ಬಿಡಿ. ಜನವರಿ ತಿಂಗಳು. ಮೊಂತೆವಿದೇವೊ ನಗರದಲ್ಲಿ ಜನವರಿ ಅಂದರೆ ಕಡುಬೇಸಿಗೆ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟಿಕೊಂಡು ಮನೆಯವರೆಗೂ ಬರುವ ಕಾಲ. ಅಂಥದ್ದರಲ್ಲಿ ಶುಕ್ರವಾರ ಅವನ ಮನೆಯ ಫ್ರಿಜ್ಜು ಮುದಿ ನಾಯಿಯ ಹಾಗೆ ಒಂದು ಸಲ ಮೈ ನಡುಗಿಸಿ, ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಹೆಂಡತಿ ನೀಬಿಯಾ ಒಳಗಿದ್ದ ಮಾಂಸ, ಬೆಣ್ಣೆ, ಗಿಣ್ಣನ್ನೆಲ್ಲ ಬುಟ್ಟಿಗೆ ತುಂಬಿ ಓಣಿಯ ಮನೆಮನೆಗೆ ಹಂಚಿ ಬಂದಳು. ಒಬ್ಬರ ಫ್ರಿಜ್ಜಿನಲ್ಲಿ ಕೋಳಿ, ಇನ್ನೊಬ್ಬರಲ್ಲಿ ಎತ್ತಿನ ನಾಲಿಗೆ. ಭಾನುವಾರ ಬೆಳಗ್ಗೆ ಗಂಡ ಸಂತೆಗೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತಳು.

"ಸಂಜೆ ಈ ಬಾಗಿಲಿಂದ ಫ್ರಿಜ್ಜು ಒಳಗೆ ಬರ್ಬೇಕು. ಇಲ್ಲಾ ನಿನ್ನ ರೆಕಾರ್ಡುಗಳ ಜೊತೆ ನೀನು ಹೊರಗಿರ್ಬೇಕು. ಯಾವುದು ಅನ್ನೋದು ನಿನಗೆ ಬಿಟ್ಟಿದ್ದು."

ವಾಲ್ಡೆಮಾರ್ ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಭಾನುವಾರ ತ್ರಿಸ್ತಾನ್ ನರ್ವಾಹಾ ಬೀದಿಯ ಸಂತೆಯಲ್ಲಿ ಮೇಜು ಹಾಕಿ ಹಳೆಯ ಗ್ರಾಮಫೋನ್ ರೆಕಾರ್ಡು ಮಾರುತ್ತಿದ್ದ. ಮಾರುತ್ತಿದ್ದ ಅನ್ನುವುದು ಮರ್ಯಾದೆಗೆ. ಯಾರಾದರೂ ಒಂದು ರೆಕಾರ್ಡು ಕೊಂಡು ಹತ್ತು ಹೆಜ್ಜೆ ಹೋಗಿದ್ದರೂ, "ಇರಿ ಇರಿ, ಹಿಂದುಗಡೆ ಇನ್ನೊಂದು ಗೀರಿದೆ, ಹೇಳೋದು ಮರೆತೆ" ಅಂತ ಓಡಿಹೋಗಿ ದುಡ್ಡು ವಾಪಸ್ ಕೊಟ್ಟು ಬರುವ ಆಸಾಮಿ.

ಆದರೆ ಈ ಸಲ ಅವನ ಕೈಯಲ್ಲಿ ಒಂದು ಫ್ರಿಜ್ಜಿನ ಬೆಲೆಯ ಮಾಲಿತ್ತು. 'ಹಸಿದ ಬೆಕ್ಕುಗಳು' ಅಂತ ಹಿಂದೆ ಕಾರ್ನಿವಲ್ ಹಬ್ಬದಲ್ಲಿ ಬೀದಿಬೀದಿ ಹಾಡುವ ಒಂದು ಮೇಳವಿತ್ತು. ಒಂದೇ ಒಂದು ರೆಕಾರ್ಡು ಮಾಡಿ, ಆಮೇಲೆ ಯಾರ ಹೆಸರು ಮೊದಲು ಬರಬೇಕಿತ್ತು ಅಂತ ಜಗಳವಾಡಿ ಚದುರಿಹೋದರು. ಆ ರೆಕಾರ್ಡಿಗೆ ಸಂಗ್ರಹಕಾರರು ಪ್ರಾಣ ಬಿಡುತ್ತಾರೆ. ಅದರಲ್ಲೂ ಕಾರ್ಖಾನೆಯ ಪ್ಲಾಸ್ಟಿಕ್ ಬಿಚ್ಚದೆ ಉಳಿದ ಪ್ರತಿ ಅಂದರೆ ಕೇಳಲೇಬೇಡಿ. ಮನೆ ಖಾಲಿ ಮಾಡುತ್ತಿದ್ದ ವಿಧವೆಯೊಬ್ಬಳಿಂದ ಕೊಂಡ ಕಟ್ಟಿನ ಅಡಿಯಲ್ಲಿ ವಾಲ್ಡೆಮಾರ್‌ಗೆ ಅಂಥದ್ದೊಂದು ಸಿಕ್ಕಿತ್ತು.

ಅದರ ಹಿಂದೆ ಒಂದು ಗುಟ್ಟೂ ಇತ್ತು. ಬೆಕ್ಕುಗಳ ರೆಕಾರ್ಡು ತಯಾರಾದ ದಿನವೇ ಆ ಕಾರ್ಖಾನೆಯಲ್ಲಿ ವ್ಯಾಯಾಮ ಪಾಠದ ರೆಕಾರ್ಡೂ ತಯಾರಾಗಿ, ಕೆಲಸಗಾರರು ಅದಕ್ಕಿದು ಇದಕ್ಕದು ತುಂಬಿಬಿಟ್ಟಿದ್ದರು. ಕೆಲವು ಲಕೋಟೆಗಳಲ್ಲಿ ಬೆಕ್ಕುಗಳು, ಕೆಲವದರಲ್ಲಿ ವ್ಯಾಯಾಮ. ಹೊರಗಿನಿಂದ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ಬಿಚ್ಚಬೇಕು, ಬಿಚ್ಚಿದರೆ ಬೆಲೆ ಹೋಯಿತು. ಹಾಗಾಗಿ ಬಿಚ್ಚದ ಪ್ರತಿಗಳು ವರ್ಷಗಟ್ಟಲೆ ಕೈಯಿಂದ ಕೈಗೆ ಓಡಾಡುತ್ತಿದ್ದವು. ಗೊತ್ತಿದ್ದವರು ಹೇಳುತ್ತಿರಲಿಲ್ಲ, ಗೊತ್ತಿಲ್ಲದವರು ಕೇಳುತ್ತಿರಲಿಲ್ಲ. ವ್ಯಾಪಾರ ಸೊಗಸಾಗಿ ನಡೆದಿತ್ತು.

"ನೋಡು ವಾಲ್ಡೆಮಾರ್," ಅಂದಳು ಪಕ್ಕದ ಮೇಜಿನ ಸುಲ್ಮಾ. ಸಂತೆಯಲ್ಲಿ ಹಳೆ ನಲ್ಲಿ, ಬಾಗಿಲ ಹಿಡಿ ಮಾರುವವಳು, ಓಣಿಯಲ್ಲಿ ಪಕ್ಕದ ಮನೆಯವಳು. "ನಿನ್ನ ಹೆಂಡತಿಯ ಎತ್ತಿನ ನಾಲಿಗೆ ಎರಡು ದಿನದಿಂದ ನನ್ನ ಐಸ್‌ಕ್ರೀಮಿನ ಮೇಲೆ ಮಲಗಿದೆ. ಇವತ್ತೊಂದು ದಿನ ನಿನ್ನ ನಾಲಿಗೇನೂ ಸ್ವಲ್ಪ ಮಲಗಿಸು."

"ಒಳಗೇನಿದೆ ಅಂತ ಗೊತ್ತಿಲ್ದೆ ಹೇಗೆ ಮಾರ್ಲಿ ಸುಲ್ಮಾ?"

"ನಾನು ಮದುವೆ ಆಗ್ಲಿಲ್ವಾ? ಹಾಗೇ."

ಎದುರು ಮನೆಯ ಲೀಬೆರ್ ಆಗಲೇ ತಳ್ಳುಗಾಡಿ ತಂದು ನಿಲ್ಲಿಸಿದ್ದ. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾಟೆ ಎಂಬ ಕಹಿ ಕಷಾಯದ ಬುರುಡೆ, ಬಾಯಲ್ಲಿ ಹೀರುಕೊಳವೆ. ಕೋಳಿಗಳು ಅವನ ಫ್ರಿಜ್ಜಿನಲ್ಲಿದ್ದವು. "ಪಕ್ಕದ ಬೀದೀಲಿ ಒಂದು ಫ್ರಿಜ್ಜು ನೋಡಿದೀನಿ ಮಾರಾಯ. ಸೆಕೆಂಡ್ ಹ್ಯಾಂಡು, ಆದ್ರೆ ಒಳಗೆ ತಲೆಯಿಟ್ರೆ ಮೂಗು ಕೊರೆಯುತ್ತೆ. ಸಂಜೆವರೆಗೂ ಇಟ್ಕೊಂಡಿರ್ತಾನಂತೆ. ನೀನು ಬಾಯಿ ಮುಚ್ಕೊಂಡಿರು, ನಾನು ಗಾಡಿ ತಳ್ತೀನಿ."

ಮೊದಲು ಬಂದವಳು ನೀಲಿ ಟೋಪಿಯ ಒಬ್ಬ ಹಿರಿಯ ಹೆಂಗಸು. ರೆಕಾರ್ಡು ನೋಡಿದ್ದೇ ಎದೆಗೆ ಅಪ್ಪಿಕೊಂಡಳು. "ಇವತ್ತು ನಮ್ಮ ಯಜಮಾನರ ಹುಟ್ಟಿದಹಬ್ಬ. ವಯಸ್ಸಲ್ಲಿ ಈ ಮೇಳದ ಹಿಂದೆ ರಾತ್ರಿಯಿಡೀ ಸುತ್ತೋರು. ಇದನ್ನ ಹಾಕಿ ಕೇಳಿಸಿದ್ರೆ..."

'ಕೇಳಿಸಿದ್ರೆ' ಅನ್ನುವ ಮಾತು ಬಿದ್ದದ್ದೇ ತಡ, ವಾಲ್ಡೆಮಾರ್‌ನ ಹೊಟ್ಟೆಯೊಳಗಿನ ಧರ್ಮರಾಯ ಎದ್ದು ಕೂತ. ಕಾರ್ಖಾನೆಯ ಕತೆಯನ್ನೆಲ್ಲ ಹೇಳಿ ಮುಗಿಸಿದ. ಆಕೆ ಮೆಲ್ಲಗೆ ರೆಕಾರ್ಡು ಕೆಳಗಿಟ್ಟಳು. "ನಿಮ್ಮಂಥವರು ತೀರಾ ಕಡಿಮೆ ಸ್ವಾಮಿ," ಅಂತ ಹೇಳಿ ಹೊರಟುಹೋದಳು.

"ಕಡಿಮೆ ಇರೋದಕ್ಕೆ ಕಾರಣ ಇದೆ," ಅಂದಳು ಸುಲ್ಮಾ. "ಯಾರ ಮನೇಲೂ ಫ್ರಿಜ್ಜಿಲ್ಲ."

ಆಮೇಲೆ ಸುಲ್ಮಾ ಮತ್ತು ಲೀಬೆರ್ ಕಣ್ಣಲ್ಲೇ ಏನೋ ಮಾತಾಡಿಕೊಂಡರು. "ಹೋಗಿ ಎಲ್ಲರಿಗೂ ಸಾಸೇಜಿನ ಬ್ರೆಡ್ಡು ತಗೊಂಡು ಬಾ," ಅಂತ ವಾಲ್ಡೆಮಾರ್‌ನನ್ನು ಅಟ್ಟಿದರು. ಅವನು ಬ್ರೆಡ್ಡು ಹಿಡಿದು ಬರುವಷ್ಟರಲ್ಲಿ ಮೇಜಿನ ಮುಂದೆ ಬಿಳಿ ಪ್ಯಾಂಟಿನ ಒಬ್ಬ ಮನುಷ್ಯ ನಿಂತು ನೋಟು ಎಣಿಸುತ್ತಿದ್ದ. ಮಾತಿನ ಧಾಟಿಯಿಂದಲೇ ತಿಳಿಯುತ್ತಿತ್ತು, ನದಿಯ ಆಚೆ ದಡದವನು, ಬ್ಯೂನಸ್ ಐರಿಸಿನವನು. ಇಡೀ ಸಂತೆ ತಾನು ಬರಲೆಂದೇ ಬೆಳಗಿನಿಂದ ಕಾದಿದೆ ಅನ್ನುವ ಹಾಗೆ ನಿಂತಿದ್ದ.

ಸುಲ್ಮಾ ವಾಲ್ಡೆಮಾರ್‌ನ ಕಿವಿ ಹತ್ತಿರ ಬಂದಳು. "ಆಚೆ ದಡದವನು ಕಣೋ. ಅವರಿಗೆ ಮೋಸ ಮಾಡಿದ್ರೆ ಪಾಪ ಬರಲ್ಲ. ಪಾದ್ರಿಗಳನ್ನೇ ಬೇಕಾದ್ರೆ ಕೇಳು."

ವಾಲ್ಡೆಮಾರ್ ಬ್ರೆಡ್ಡು ಬಾಯಿಗೆ ತುರುಕಿಕೊಂಡ, ಮಾತು ಹೊರಗೆ ಬರದಿರಲಿ ಅಂತ. ಆದರೂ ಬಂತು, ಸಾಸೇಜಿನ ಸಮೇತ. "ಒಳಗೆ ವ್ಯಾಯಾಮ ಇರ್ಬಹುದು!"

ನೋಟು ಎಣಿಸುತ್ತಿದ್ದ ಕೈ ನಿಂತಿತು. "ಏನು ಇರ್ಬಹುದು?"

ಇನ್ನೇನು ಉಳಿಯಿತು? ಕತೆಯೆಲ್ಲ ಹೊರಗೆ ಬಂತು. ಜನ ಸೇರಿದರು. ಸಂತೆಯ ಜನಕ್ಕೆ ಕೊಳ್ಳುವುದಕ್ಕಿಂತ ಸಲಹೆ ಕೊಡುವುದೇ ಇಷ್ಟ. ಒಬ್ಬ ರೆಕಾರ್ಡನ್ನು ಬಿಸಿಲಿಗೆ ಹಿಡಿದ. ಇನ್ನೊಬ್ಬ ಆಲಿವ್ ಕಾಯಿ ಮಾರುವವನ ತಕ್ಕಡಿಯಲ್ಲಿಟ್ಟು ತೂಗಿದ. "ಹಾಡು ಹಗುರ ಇರುತ್ತೆ, ವ್ಯಾಯಾಮ ಭಾರ," ಅಂತ ಅವನ ವಾದ. ಮುದುಕನೊಬ್ಬ ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತ.

"ಏನಾದ್ರೂ ಕೇಳಿಸ್ತಾ ತಾತ?"

"ಶ್ಶ್! ನನ್ನ ಹೊಟ್ಟೆ ಸದ್ದು ಮಾಡ್ತಿದೆ. ಊಟದ ಹೊತ್ತಾಯ್ತು."

ಆಚೆ ದಡದವನು ಕೈ ಎತ್ತಿದ. "ಬಿಚ್ಚಿ. ಬೆಕ್ಕುಗಳಿದ್ರೆ ಹೇಳಿದಷ್ಟು ದುಡ್ಡು ಕೊಡ್ತೀನಿ. ಎಲ್ಲರೆದುರು ಹೇಳ್ತಿದ್ದೀನಿ."

"ಬಿಚ್ಚಬೇಡ!" ಅಂದಳು ಸುಲ್ಮಾ. "ಬಿಚ್ಚೋ, ಇದು ಮುಗೀಲಿ!" ಅಂದ ಲೀಬೆರ್. ಅಷ್ಟರಲ್ಲಿ ಸಂತೆಯ ರೆಕಾರ್ಡು ವ್ಯಾಪಾರಿಗಳಲ್ಲೆಲ್ಲ ಹಿರಿಯನಾದ ದೋನ್ ಎವಾರಿಸ್ತೊ ತನ್ನ ಮೇಜಿನಿಂದ ಎದ್ದು ಬಂದ. ಬೆಳ್ಳಗಿನ ಮೀಸೆ, ಶವಯಾತ್ರೆಯಲ್ಲಿ ಮುಂದೆ ನಡೆಯುವವನ ಗಾಂಭೀರ್ಯ. ಕೈಯಲ್ಲಿ ಬ್ಯಾಟರಿಯ ಗ್ರಾಮಫೋನು.

"ಬಿಚ್ಚು ಮಗು. ಸತ್ಯ ಹೊರಗೆ ಬರ್ಲಿ. ತಗೋ, ನನ್ನ ಮೆಷಿನ್ನು ಉಪಯೋಗಿಸ್ಕೊ."

ಬಿಸಿಲಿಗೆ ತಲೆ ಕಾದಿತ್ತು, ಜನರ ಗದ್ದಲಕ್ಕೆ ಕಿವಿ ತುಂಬಿತ್ತು. ವಾಲ್ಡೆಮಾರ್ ಉಗುರು ಹಾಕಿ ಒಂದೇ ಏಟಿಗೆ ಸೀಳಿದ. ಸೀಳಿದ ಸದ್ದಿಗೆ ಇಬ್ಬರು ಸಂಗ್ರಹಕಾರರು ಶಿಲುಬೆಯ ಗುರುತು ಮಾಡಿಕೊಂಡರು.

ಮುಳ್ಳು ಇಳಿಯಿತು. ಒಂದು ಕ್ಷಣ ಗರಗರ. ಆಮೇಲೆ ದೊಡ್ಡ ಡೋಲು, ತಾಳ, ಅದರ ಮೇಲೆ ಹದಿನೈದು ಗಂಟಲು ಒಟ್ಟಿಗೆ ಎದ್ದವು. ಬೆಕ್ಕುಗಳೇ! ಮುದುಕ ಕುಣಿಯತೊಡಗಿದ. ಸುಲ್ಮಾ ವಾಲ್ಡೆಮಾರ್‌ನ ಕೆನ್ನೆಗೆ ಮುತ್ತಿಟ್ಟಳು. ಲೀಬೆರ್ ಫ್ರಿಜ್ಜಿನವನಿಗೆ ಹೇಳಿಬರಲು ಗಾಡಿಯೊಂದಿಗೇ ಓಡಿದ.

"ಕೊಡಿ ಸ್ವಾಮಿ," ಅಂತ ವಾಲ್ಡೆಮಾರ್ ಕೈಚಾಚಿದ.

ಆಚೆ ದಡದವನು ನೋಟುಗಳನ್ನು ಜೇಬಿಗಿಟ್ಟುಕೊಂಡ. "ಅಲ್ಲಾ, ಈಗ ಇದು ಬಿಚ್ಚಿದ್ದಲ್ವಾ? ಬಿಚ್ಚಿದ್ದಕ್ಕೆ ಬಿಚ್ಚದ ಬೆಲೆ ಯಾರು ಕೊಡ್ತಾರೆ?"

"ನೀವೇ ಬಿಚ್ಚು ಅಂದಿದ್ದು!"

"ಅಂದೆ. ನೀವು ಬಿಚ್ಚಿದ್ರಿ."

ವಾಲ್ಡೆಮಾರ್ ಸೀಳಿದ ಪ್ಲಾಸ್ಟಿಕ್ಕನ್ನು ಮತ್ತೆ ಲಕೋಟೆಗೆ ಅಂಟಿಸಲು ನೋಡಿದ. ಅಷ್ಟರಲ್ಲಿ ದೋನ್ ಎವಾರಿಸ್ತೊ ಮೆಲ್ಲಗೆ ತನ್ನ ಮೇಜಿಗೆ ಮರಳಿ, ಅಡಿಯಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದ. ಒಳಗೆ ಒಂದು ಸಾಲು ಹಸಿದ ಬೆಕ್ಕುಗಳು. ಎಲ್ಲವೂ ಬಿಚ್ಚದವು. ಎಷ್ಟು ವರ್ಷದಿಂದ ಕೂಡಿಟ್ಟಿದ್ದನೋ. "ಒಳಗೆ ಏನಿದೆ ಅಂತ ಈಗ ತಾನೇ ಕೇಳಿದ್ರಲ್ಲ. ಬನ್ನಿ, ಬನ್ನಿ, ನೂಕಬೇಡಿ," ಅಂದ. ಮೊದಲು ಕೊಂಡವನು ಆಚೆ ದಡದವನೇ. ಬಿಸಿ ರೊಟ್ಟಿ ಖರ್ಚಾದ ಹಾಗೆ ಪೆಟ್ಟಿಗೆ ಬರಿದಾಯಿತು. ಎವಾರಿಸ್ತೊ ಮೇಜು ಮಡಿಚಿ, ವಾಲ್ಡೆಮಾರ್‌ನ ಬೆನ್ನು ತಟ್ಟಿ, "ಮೆಷಿನ್ನು ಇಟ್ಕೊಂಡಿರು, ಹಾಡು ಕೇಳ್ತಿರು. ಮುಂದಿನ ವಾರ ತಗೋತೀನಿ. ನಿನ್ನಂಥ ಪ್ರಾಮಾಣಿಕರು ಸಂತೆಗೆ ಬೇಕು," ಅಂತ ಹೇಳಿ ಹೊರಟುಹೋದ.

ಕೊನೆಯ ಪ್ರತಿ ಕೊಂಡವಳು ನೀಲಿ ಟೋಪಿಯ ಹೆಂಗಸು. ಹಾಡು ಕೇಳಿಸಿ ಓಡಿಬಂದಿದ್ದಳು. ಹುಟ್ಟಿದಹಬ್ಬದ ಉಡುಗೊರೆ, ಹೊಸದಾಗಿಯೇ ಕಾಣಲಿ ಅಂತ ಬಿಚ್ಚದ್ದನ್ನೇ ಕೊಂಡಿದ್ದಳು. "ನಿಮ್ಮಿಂದಾಗಿ ಧೈರ್ಯ ಬಂತು ಸ್ವಾಮಿ," ಅಂದಳು.

ಅಲ್ಲಿ ಸುಮ್ಮನಿದ್ದಿದ್ದರೆ ಆಗಿತ್ತು. ಆದರೆ ಅವನು ವಾಲ್ಡೆಮಾರ್. "ಅಮ್ಮಾ, ನಂದು ಸರಿಯಿತ್ತು ಅಂತ ನಿಮ್ದೂ ಸರಿಯಿರುತ್ತೆ ಅಂತಿಲ್ಲ. ಮೆಷಿನ್ನಿದೆ, ಕೇಳಿಕೊಂಡೇ ಹೋಗಿ."

ಸುಲ್ಮಾ ಮುಖ ಮುಚ್ಚಿಕೊಂಡಳು.

ಮುಳ್ಳು ಇಳಿಯಿತು. ಗರಗರ. ಆಮೇಲೆ ಒಂದು ಗಡಸು ಗಂಡು ಧ್ವನಿ: "ನೆಟ್ಟಗೆ ನಿಲ್ಲಿ. ಉಸಿರು ಒಳಕ್ಕೆ. ಕೈ ಮೇಲಕ್ಕೆ. ಒಂದು... ಎರಡು..." ಮುದುಕ ಕೈ ಎತ್ತಿಯೇಬಿಟ್ಟ.

ಕೊಂಡವರೆಲ್ಲ ವಾಲ್ಡೆಮಾರ್‌ನನ್ನು ಸುತ್ತುಗಟ್ಟಿದರು. "ನೀನು ಬಿಚ್ಚಿ ತೋರಿಸಿದ್ದಕ್ಕೇ ನಾವು ತಗೊಂಡಿದ್ದು!"

"ಬೆಳಗ್ಗೆಯಿಂದ ಬಾಯಿ ಬಡ್ಕೊಂಡೆನಲ್ರೀ, ಒಳಗೇನಿದ್ಯೋ ಗೊತ್ತಿಲ್ಲ ಅಂತ!"

"ಬಾಯಲ್ಲಿ ಯಾರು ಏನು ಬೇಕಾದ್ರೂ ಹೇಳ್ತಾರೆ. ನೀನು ಹಾಡಿಸಿ ತೋರಿಸಿದೆ!"

"ಸರಿ, ಹಾಗಾದ್ರೆ ಎಲ್ಲರೂ ಬಿಚ್ಚಿ. ನೋಡೇಬಿಡೋಣ."

ತಕ್ಷಣ ಒಬ್ಬೊಬ್ಬರೂ ತಮ್ಮ ತಮ್ಮ ರೆಕಾರ್ಡನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. "ನಂದು ಸರಿಯಿರುತ್ತೆ ಬಿಡಿ," ಅಂದ ಒಬ್ಬ. "ನಂದರ ತೂಕವೇ ಹೇಳುತ್ತೆ," ಅಂದ ಇನ್ನೊಬ್ಬ. ಆಚೆ ದಡದವನು ತನ್ನದನ್ನು ಅಂಗಿಯೊಳಗೆ ಸೇರಿಸಿಕೊಂಡು ದೋಣಿಗೆ ಹೊತ್ತಾಯಿತು ಅಂತ ಓಡಿದ. ಮುಂದಿನ ಭಾನುವಾರ ಅವನದು ಆ ದಡದಲ್ಲಿ ಮಾರಾಟಕ್ಕಿರುತ್ತದೆ, ಎರಡು ಮಾತಿಲ್ಲ.

ಉಳಿದವಳು ನೀಲಿ ಟೋಪಿಯ ಹೆಂಗಸು. ಅಳುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ಅದೇ ಕಷ್ಟ. ವಾಲ್ಡೆಮಾರ್ ತನ್ನ ಬೆಕ್ಕುಗಳನ್ನು ಅವಳ ಕೈಗಿಟ್ಟು ಅವಳ ವ್ಯಾಯಾಮವನ್ನು ತಾನು ತೆಗೆದುಕೊಂಡ. ಅವಳು ಹರಸಿ ಹೋದಳು. ಹಾರೈಕೆಯಿಂದ ಬೆಣ್ಣೆ ಗಟ್ಟಿಯಾಗುವುದಿಲ್ಲ.

ಲೀಬೆರ್ ಬೆವರು ಒರೆಸಿಕೊಳ್ಳುತ್ತ ಖಾಲಿ ಗಾಡಿಯೊಂದಿಗೆ ಬಂದ.

"ಫ್ರಿಜ್ಜೆಲ್ಲೋ?" ಅಂದಳು ಸುಲ್ಮಾ.

"ದೋನ್ ಎವಾರಿಸ್ತೊ ತಗೊಂಡ್ರು. ಕೈತುಂಬ ದುಡ್ಡಿತ್ತು, ನಿಂತ ಕಾಲಲ್ಲೇ ಕೊಟ್ರು. ಮನೇಗೆ ಮುಟ್ಟಿಸಿ ಬಂದೆ."

"ನಿನ್ನ ಗಾಡೀಲಿ?"

"ಖಾಲಿ ನಿಂತಿತ್ತಲ್ಲ ಮಾರಾಯ್ತಿ, ಏನ್ಮಾಡ್ಲಿ?"

ಸಂತೆ ಕರಗಿತು. ವಾಲ್ಡೆಮಾರ್ ಮೇಜು ಮಡಿಚುತ್ತಿದ್ದಾಗ ಪ್ರಯಾಣದ ಧೂಳು ಮೆತ್ತಿದ ಒಬ್ಬ ತೆಳ್ಳಗಿನ ಗೃಹಸ್ಥ ಏದುಸಿರು ಬಿಡುತ್ತ ಬಂದ. ಸಾಲ್ತೊ ಊರಿನ ಬಸ್ಸು ತಡವಾಯಿತಂತೆ. ವಾಲ್ಡೆಮಾರ್‌ನ ಕೈಯಲ್ಲಿದ್ದ ಲಕೋಟೆ ನೋಡಿ, ಒಳಗಿನ ತಟ್ಟೆಯ ಚೀಟಿ ಓದಿ, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಬೆಕ್ಕುಗಳ ಲಕೋಟೇಲಿ ವ್ಯಾಯಾಮ! ಎಷ್ಟು ವರ್ಷದಿಂದ ಹುಡುಕ್ತಿದ್ದೀನಿ ಗೊತ್ತಾ? ಸರಿಯಾದದ್ದು ಎಲ್ಲರ ಹತ್ರ ಇರುತ್ತೆ ಸ್ವಾಮಿ. ತಪ್ಪಾಗಿದ್ದೇ ಅಪರೂಪ. ಇದಕ್ಕೆ ನಾನು..." ಅಷ್ಟರಲ್ಲಿ ಹರಿದ ಪ್ಲಾಸ್ಟಿಕ್ ಕಣ್ಣಿಗೆ ಬಿತ್ತು. "ಅಯ್ಯೋ. ಬಿಚ್ಚಿಬಿಟ್ಟಿದ್ದೀರಾ? ಬಿಚ್ಚಿದ್ದು ನಂಗೆ ಬೇಡ. ಬಿಚ್ಚದೇ ಇದ್ದಿದ್ರೆ ನಿಮ್ಮನೇಗೆ ಏನು ಬೇಕೋ ಕೊಡಿಸ್ತಿದ್ದೆ."

ವಾಲ್ಡೆಮಾರ್ ಅವನನ್ನೇ ದಿಟ್ಟಿಸಿದ. "ಬಿಚ್ಚದಿದ್ರೆ ಒಳಗೆ ವ್ಯಾಯಾಮವೇ ಇದೆ ಅಂತ ನಿಮಗೆ ಹೇಗ್ರೀ ಗೊತ್ತಾಗುತ್ತೆ?"

"ಅದಕ್ಕೇ ನಂಬಿಕಸ್ಥರು ಬೇಕು. ಮಾರೋನು ಬಾಯಿಬಿಟ್ಟು ಹೇಳಿದ್ರೆ ಸಾಕು ನಂಗೆ. ಬಸ್ ಸ್ಟ್ಯಾಂಡಲ್ಲಿ ಎಲ್ಲರೂ ಅದನ್ನೇ ಮಾತಾಡ್ತಿದ್ರು, ಈ ಸಂತೇಲಿ ವಾಲ್ಡೆಮಾರ್ ಅಂತ ಒಬ್ಬನಿದ್ದಾನಂತೆ, ಪ್ರಾಣ ಹೋದ್ರೂ ಸುಳ್ಳು ಹೇಳಲ್ವಂತೆ. ಎಲ್ಲಿ ಸಿಗ್ತಾನೆ ಅವನು?"

"ಅವನು ಸಿಗಲ್ಲ ಸ್ವಾಮಿ. ತೀರಿಕೊಳ್ತಾನೆ."

"ಛೆ! ಯಾವಾಗ?"

ವಾಲ್ಡೆಮಾರ್ ಮೇಜನ್ನು ಹೆಗಲಿಗೇರಿಸಿ, ಓಣಿಯ ದಿಕ್ಕಿಗೊಮ್ಮೆ ನೋಡಿದ.

"ಮನೆ ಮುಟ್ಟಿದ ತಕ್ಷಣ."