ಸಮುದ್ರದಲ್ಲೊಂದು ನಮ್ಮ ಬೋರ್‌ವೆಲ್

ಕಾಫಿ ಬೆಳೆಗಾರನ ಕೈಯಲ್ಲಿ ಕಾಸಿಲ್ಲದಾಗ ಅವನಷ್ಟು ಸಜ್ಜನ ಈ ಭೂಮಿಯ ಮೇಲೆ ಇನ್ನೊಬ್ಬ ಸಿಗುವುದಿಲ್ಲ. ಹೆಂಡತಿಯ ಮಾತು ಕೇಳುತ್ತಾನೆ, ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾನೆ, ಹರಿದ ಗಂಬೂಟಿಗೆ ಸೈಕಲ್ ಟ್ಯೂಬಿನ ತೇಪೆ ಹಾಕಿ ಇನ್ನೊಂದು ಮಳೆಗಾಲ ತಳ್ಳುತ್ತಾನೆ. ಅವನು ಕೆಡುವುದು ಕಾಫಿಗೆ ರೇಟು ಬಂದಾಗ. ಈಚೆಗೆ ಕಾಫಿಗೆ ಯಾರೂ ಕನಸಿನಲ್ಲಿಯೂ ಕಾಣದ ಬೆಲೆ ಬಂತಲ್ಲ, ಆಗ ನಮ್ಮ ಮಾದಾಪುರದ ಆಸುಪಾಸಿನಲ್ಲಿ ಎಷ್ಟು ಸಜ್ಜನರು ಕೆಟ್ಟರೆಂದು ಹೇಳತೊಡಗಿದರೆ ನನಗೆ ಊರಿನಲ್ಲಿ ಉಳಿಗಾಲವಿಲ್ಲ. ಒಬ್ಬರು ಜೀಪೇ ಏದುಸಿರು ಬಿಡುವ ತೋಟದ ದಾರಿಗೆ ನೆಲಕ್ಕೆ ಹೊಟ್ಟೆ ತಾಗುವಂಥ ಕಾರು ತಂದರು. ಇನ್ನೊಬ್ಬರು ಮನೆಗೆ ಲಿಫ್ಟ್ ಹಾಕಿಸಿದರು. ಮನೆಗಿರುವುದು ಒಂದೇ ಮಹಡಿ. ಅವರನ್ನೆಲ್ಲ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕ ನಾನು, ಸಮುದ್ರದ ತಳದಲ್ಲಿ ಎಣ್ಣೆ ಹುಡುಕುವ ಒಂದು ಪುಟ್ಟ ಕಂಪನಿಯ ಶೇರು ಕೊಂಡೆ.

ಆ ದುಡ್ಡಿಗೆ ಬೇರೆಯೇ ದಾರಿ ನಿಶ್ಚಯವಾಗಿತ್ತು. ರೊಬಸ್ಟಾ ಕಾಫಿ ಗಿಡ ಬಹಳ ಹಟದ್ದು. ಕೊಯ್ಲು ಮುಗಿದ ಮೇಲೆ ಮೈತುಂಬ ಮೊಗ್ಗು ಕಟ್ಟಿಕೊಂಡು ನೀರಿಗಾಗಿ ಕಾಯುತ್ತದೆ. ಆಕಾಶದಿಂದಲೋ ಸ್ಪ್ರಿಂಕ್ಲರಿನಿಂದಲೋ ಹೊತ್ತಿಗೆ ಸರಿಯಾಗಿ ನೀರು ಬಿದ್ದರೆ ವಾರದೊಳಗೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಬೀಳದಿದ್ದರೆ ಮೊಗ್ಗು ಕರಕಲಾಗಿ ಉದುರುತ್ತದೆ. ಆ ವರ್ಷ ಪಿಕ್ಕಿಂಗಿಗೆ ಆಳು ಹುಡುಕುವ ತಾಪತ್ರಯವೇ ಇರುವುದಿಲ್ಲ. ನಮ್ಮ ಕೆರೆಯೋ, ಶಿವರಾತ್ರಿ ಬರುವಷ್ಟರಲ್ಲಿ ತಳ ಕಾಣಿಸಿ ದನ ಮಲಗುವ ಜಾಗವಾಗುತ್ತದೆ. ಹಾಗಾಗಿ ನನ್ನ ಹೆಂಡತಿ ಸರೋಜ ವರ್ಷಗಳಿಂದ ಒಂದು ಬೋರ್‌ವೆಲ್ ಕೊರೆಸಿ ಎಂದು ಕೇಳುತ್ತಲೇ ಇದ್ದಳು. ಈ ಸಲ ಕಾಫಿ ಮಾರಿದ ದುಡ್ಡು ಕೈಗೆ ಬಂದ ಕೂಡಲೇ ಅದು ಬೋರಿಗೆ ಎಂದು ತೀರ್ಮಾನವಾಯಿತು. ಬೋರ್ ಕೊರೆಯುವ ರಿಗ್ ಲಾರಿ ತಿರುಗಲು ಅಡ್ಡವಾಗುತ್ತದೆಂದು ಒಂದು ಸಿಲ್ವರ್ ಓಕ್ ಮರವನ್ನೂ ಕಡಿಸಿದ್ದಾಯಿತು. ಪಾಪ, ಆ ಮರ ಸುಮ್ಮನೆ ಸತ್ತಿತು.

ಯಾಕೆಂದರೆ ಅಷ್ಟರಲ್ಲಿ ಒಂದು ಮದುವೆಗೆ ಹೋದೆವು. ನಮ್ಮ ಕಡೆ ಮದುವೆಮನೆಯಲ್ಲಿ ಗಂಡು ಯಾರು ಹೆಣ್ಣು ಯಾರು ಎಂದು ಗಂಡಸರು ವಿಚಾರಿಸುವುದಿಲ್ಲ. ನಿಮ್ಮಲ್ಲಿ ಎಷ್ಟು ಸೆಂಟು ಮಳೆ ಬಂತು (ನೂರು ಸೆಂಟಿಗೆ ಒಂದು ಇಂಚು), ಕಾಫಿ ಮಾರಿದಿರೋ ಇಟ್ಟಿರೋ, ಇವೆರಡೇ ಮಾತು. ಈಚೆಗೆ ಮೂರನೆಯದಾಗಿ ಶೇರು ಸೇರಿಕೊಂಡಿದೆ. ಊಟದ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದವನು ಭಾವಮೈದುನ ಕುಮಾರ. ಶಿರಂಗಾಲದಲ್ಲಿ ಶುಂಠಿ ಬೆಳೆಯುತ್ತಾನೆ. ಒಂದು ವರ್ಷ ಹಣ, ಮರುವರ್ಷ ಸಾಲ ತರುವ ಶುಂಠಿ ಬೆಳೆದು ಇನ್ನೂ ತಲೆ ಸರಿಯಿರುವ ಮನುಷ್ಯನನ್ನು ಶೇರು ಪೇಟೆ ಏನೂ ಮಾಡಲಾರದು ಎಂಬುದು ಅವನ ನಂಬಿಕೆ. ಅವನು ನನ್ನ ಕಿವಿಯತ್ತ ಬಗ್ಗಿ ಪಿಸುಗುಟ್ಟಿದ.

"ಭಾವ, ಬೋರ್ ತೆಗ್ಸಕ್ಕೆ ಅಂತ ಇಟ್ಟಿರೋ ದುಡ್ಡು ತಾನೆ? ಈ ಕಂಪನಿಯೋರೂ ಬೋರೇ ತೆಗಿಯೋದು. ಆಫ್ರಿಕಾದ ಪಕ್ಕ ಸಮುದ್ರದಾಗೆ. ನೀವು ಕೊರ್ಸಿದ್ರೆ ನೀರು ಬರ್ತದೆ, ಇವ್ರು ಕೊರೆದ್ರೆ ಎಣ್ಣೆ ಬರ್ತದೆ. ಯಾವುದಕ್ಕೆ ರೇಟು ಜಾಸ್ತಿ, ನೀವೇ ಹೇಳಿ."

ಇದರಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಎಲೆ ಮೇಲೆ ಆಗಲೇ ಪಾಯಸ ಬಿದ್ದಿತ್ತು. ಮನೆಗೆ ಬಂದು ಸರೋಜಳಿಗೆ ಹೇಳಿದೆ. ಒಂದು ಬೋರಿನ ದುಡ್ಡಿನಲ್ಲಿ ಎರಡು ಬೋರು ಮಾಡಿಕೊಡುತ್ತೇನೆ, ಕೊಯ್ಲಿನ ಆಯಾಸ ಆರುವುದರೊಳಗೆ ಎಂದು ಮಾತು ಕೊಟ್ಟೆ. ಅವಳು ಅಕ್ಕಿ ಆರಿಸುತ್ತಾ ಕೇಳಿಸಿಕೊಂಡಳು. "ಎಣ್ಣೆ ಬರ್ತದೋ ತುಪ್ಪ ಬರ್ತದೋ ನಂಗೆ ಬ್ಯಾಡ. ಹೂ ಬಿಡೋ ಹೊತ್ಗೆ ನನ್ನ ಗಿಡಕ್ಕೆ ನೀರು ಬೇಕು, ಅಷ್ಟೆಯ" ಎಂದಳು. ಅದನ್ನು ನಾನು ಒಪ್ಪಿಗೆ ಎಂದು ತಿಳಿದುಕೊಂಡೆ.

ಹಾಗೆಂದು ಕಣ್ಣು ಮುಚ್ಚಿ ದುಡ್ಡು ಹಾಕುವವನು ನಾನಲ್ಲ. ಹಾಕುವ ಮುಂಚೆ ಕಂಪನಿಯ ಬಗ್ಗೆ ಚೆನ್ನಾಗಿ ಅಧ್ಯಯನ ಮಾಡಬೇಕೆಂದು ಟಿ.ವಿ.ಯಲ್ಲಿ ಟೈ ಕಟ್ಟಿದವರು ದಿನಾ ಹೇಳುತ್ತಾರೆ. ನಮ್ಮಲ್ಲಿ ಬೋರಿಗೆ ಮುಂಚೆ ಮಾಡುವ ಅಧ್ಯಯನ ಒಂದೇ: ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದು ನೀರು ನೋಡುವ ಕುಟ್ಟಪ್ಪಣ್ಣನನ್ನು ಕರೆಸುವುದು. ಕರೆಸಿದೆ. ಕಂಪನಿ ಗುತ್ತಿಗೆಗೆ ಹಿಡಿದ ಸಮುದ್ರದ ನಕ್ಷೆಯನ್ನು ಮೊಬೈಲಿನಲ್ಲಿ ತೆಗೆದು ಕಾಫಿ ಒಣಗಿಸುವ ಕಣದ ನಡುವೆ ಇಟ್ಟೆ. ಆತ ಚಪ್ಪಲಿ ಬಿಟ್ಟ, ಕೈ ಮುಗಿದ, ಅಡ್ಡ ಮಲಗಿಸಿದ ಕಾಯಿಯನ್ನು ಅಂಗೈ ಮೇಲೆ ಹಿಡಿದು ಮೊಬೈಲಿನ ಹತ್ತಿರ ಬಂದ. ಕಾಯಿ ದಡಕ್ಕನೆ ಎದ್ದು ನಿಂತಿತು.

"ಭರ್ತಿ ನೀರುಂಟು ಸ್ವಾಮಿ!" ಎಂದ ಕುಟ್ಟಪ್ಪಣ್ಣ, ಬೆವರು ಒರೆಸಿಕೊಳ್ಳುತ್ತಾ. "ನನ್ನ ಸರ್ವೀಸಲ್ಲಿ ಇಷ್ಟು ನೀರು ನಾನು ನೋಡಿದ್ದಿಲ್ಲ."

"ಸಮುದ್ರ ಅಲ್ವಾ? ಇನ್ನೇನು ಸಣ್ಣಕ್ಕಿ ಇರ್ತದಾ?" ಎಂದು ಅಡುಗೆಮನೆಯಿಂದ ಸರೋಜಳ ದನಿ ಬಂತು. ನಾನು ಅತ್ತ ಗಮನ ಕೊಡಲಿಲ್ಲ. ದೊಡ್ಡ ಬಂಡವಾಳಗಾರರು ಇಂಥ ಮಾತಿಗೆಲ್ಲ ವಿಚಲಿತರಾಗಬಾರದು.

ಶೇರು ಕೊಂಡ ಮೇಲೆ ನನ್ನ ನಡೆನುಡಿ ಬದಲಾಯಿತೆಂದು ಊರವರು ಹೇಳುತ್ತಾರೆ. ಇದ್ದರೂ ಇರಬಹುದು. ಪೆಟ್ರೋಲ್ ಬಂಕಿನಲ್ಲಿ ಎಲ್ಲರೂ ರೇಟಿಗೆ ಶಾಪ ಹಾಕುವಾಗ ನಾನೊಬ್ಬ ಮುಗುಳ್ನಗುತ್ತಾ ನಿಂತಿರುತ್ತಿದ್ದೆ. ನಮ್ಮ ಸೋಮವಾರಪೇಟೆಯಲ್ಲಿ ಮಳೆ ಬಂತೋ ಇಲ್ಲವೋ ಎಂಬುದು ಬಿಟ್ಟು, ಆಫ್ರಿಕಾದ ಕಡಲಿನಲ್ಲಿ ಗಾಳಿ ಎದ್ದಿದೆಯೇ ಎಂದು ಚಿಂತೆ ಮಾಡುತ್ತಿದ್ದೆ. ಕಂಪನಿಯಿಂದ ಆಗಾಗ ಸಮಾಚಾರ ಬರುತ್ತಿತ್ತು. ಪ್ರತಿಯೊಂದರಲ್ಲೂ ಹಳದಿ ಹೆಲ್ಮೆಟ್ಟು ಹಾಕಿದ ನಿರ್ದೇಶಕರೊಬ್ಬರು ದೂರಕ್ಕೆ ಬೆರಳು ತೋರಿಸುತ್ತಾ ನಿಂತಿರುತ್ತಿದ್ದರು. ಆ ಹೆಲ್ಮೆಟ್ಟು ಅಷ್ಟು ಶುಚಿಯಾಗಿದ್ದುದನ್ನು ನೋಡಿಯೇ ನನಗೆ ಅನುಮಾನ ಬರಬೇಕಿತ್ತು. ಆದರೆ ನಾನು ಅವರ ಬೆರಳಿನ ಕಡೆಗೇ ನೋಡುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಕಂಪನಿಯ ದೊಡ್ಡ ಸುದ್ದಿ ಬಂತು. ಇಂಗ್ಲಿಷಿನಲ್ಲಿತ್ತು. ಎರಡು ಸಲ ಓದಿದೆ. ಕೊರೆತ ಮುಗಿದಿದೆ, ಒಳ್ಳೆಯ ಮರಳುಕಲ್ಲಿನ ಪದರ ಸಿಕ್ಕಿದೆ, ಪದರದ ತುಂಬ ನೀರಿದೆ, ಬಾವಿಯ ಬಾಯಿ ಮುಚ್ಚಿ ರಿಗ್ಗನ್ನು ಅಲ್ಲಿಂದ ಸಾಗಿಸಲಾಗುವುದು ಎಂದು ಸಾರಾಂಶ. ಓದುಗರು ದಯವಿಟ್ಟು ನನ್ನ ಜಾಗದಲ್ಲಿ ನಿಂತು ಯೋಚಿಸಬೇಕು. ಹುಟ್ಟಿದಾಗಿನಿಂದ ಊರವರ ಬೋರಿನ ಪಕ್ಕ ಉಸಿರು ಬಿಗಿಹಿಡಿದು ನಿಂತು, ಧೂಳು ಕುಡಿದು, 'ನೀರು ಬಂತು' ಎಂಬ ಒಂದು ಕೂಗಿಗಾಗಿ ಕಾದವನು ನಾನು. ನೀರು ಸಿಕ್ಕ ಬೋರಿನ ಬಾಯನ್ನು, ಮೋಟಾರು ಇಳಿಸುವ ತನಕ ಯಾರೂ ಕಲ್ಲು ಹಾಕದಂತೆ ಮುಚ್ಚಿಯೇ ಮುಚ್ಚುತ್ತಾರೆ. ಆಮೇಲೆ ರಿಗ್ಗು ಮುಂದಿನ ಊರಿಗೆ ಹೋಗಿಯೇ ಹೋಗುತ್ತದೆ. ಎಲ್ಲ ಕ್ರಮಪ್ರಕಾರವೇ ಇದೆ! ಎಣ್ಣೆಯ ಮಾತೇ ಇಲ್ಲವಲ್ಲ ಎಂದು ಒಂದು ಕ್ಷಣ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಎಣ್ಣೆ ನೀರಿನ ಮೇಲೆ ತೇಲುತ್ತದೆ. ನೀರೇ ಸಿಕ್ಕಿದ ಮೇಲೆ ಎಣ್ಣೆ ಅಲ್ಲೇ ಎಲ್ಲೋ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ.

"ಸರೋಜಾ! ನಮ್ಮ ಕಂಪನಿಗೆ ನೀರು ಬಂತು!" ಎಂದು ಕಣದಿಂದಲೇ ಕೂಗಿದೆ.

ಅವಳೂ ಇದೇ ಮಣ್ಣಿನವಳು. ಸೆರಗಿಗೆ ಕೈ ಒರೆಸಿಕೊಂಡು ಓಡಿಬಂದು, "ಹೌದಾ! ಎಷ್ಟು ಇಂಚು?" ಎಂದಳು. ನಾನು ಗತ್ತಿನಿಂದ, "ಪದರದ ತುಂಬ" ಎಂದೆ. ಅವಳು ಕೇಸರಿಬಾತಿಗೆ ರವೆ ಹುರಿಯಲು ಇಟ್ಟಳು.

ನನ್ನ ಕೂಗು ಬೇಲಿಯಾಚೆಗೂ ಕೇಳಿಸಿತ್ತು. ಬೇಲಿಯಾಚೆ ಪೂವಯ್ಯನವರ ಎಸ್ಟೇಟು. ದೊಡ್ಡ ಕೆರೆ, ದೊಡ್ಡ ಮೀಸೆ, ದೊಡ್ಡ ಮನಸ್ಸು. ಬಂದರು, ಸಂಗತಿ ತಿಳಿದು ನನ್ನ ಬೆನ್ನು ತಟ್ಟಿದರು, ಕೇಸರಿಬಾತಿಗೆ ಕೂತರು, ಕೂತಲ್ಲೇ ಮೊಬೈಲ್ ತೆಗೆದರು. "ಎಂತ ಮಾರಾಯ ಮಲ್ಲೇಶ, ನೀರು ಬಂದಿದೆ ಅಂತೀಯ, ಶೇರು ಬೆಳಿಗ್ಗೆಯಿಂದ ಇಳೀತಾ ಉಂಟಲ್ಲ?" ಎಂದರು. "ಯಾರಿಗೂ ಇನ್ನೂ ಗೊತ್ತಾಗಿಲ್ಲ ಅಣ್ಣ. ಅಗ್ಗಕ್ಕೆ ಸಿಕ್ಕುವಾಗಲೇ ತಕ್ಕೊಂಡ್ಬಿಡಿ" ಎಂದೆ. ತಕ್ಕೊಂಡರು. ಅವರದು ಯಾವುದೂ ಸಣ್ಣ ಅಳತೆಯಲ್ಲಿ ಇರುವುದಿಲ್ಲ.

ಆಗ ಕುಮಾರನ ಫೋನು ಬಂತು. "ಭಾವ, ನೋಡಿದ್ರಾ? ನೀರು ಬಂದ್ಬಿಡ್ತು!" ದನಿ ನಡುಗುತ್ತಿತ್ತು. ಸಂತೋಷಕ್ಕೆ ಎಂದುಕೊಂಡೆ.

"ನೋಡ್ದೆ ಕಣೋ! ಎಲ್ಲ ನಿನ್ನಿಂದ್ಲೇ ಆಗಿದ್ದು!"

"ಹಂಗನ್ಬ್ಯಾಡಿ ಭಾವ. ಹಿಂಗಾಯ್ತದೆ ಅಂತ ನಂಗೂ ಗೊತ್ತಿರ್ಲಿಲ್ಲ."

"ಸಂಕೋಚ ಯಾಕೋ? ನಿಮ್ಮಕ್ಕ ಕೇಸರಿಬಾತ್ ಮಾಡವ್ಳೆ, ಬಂದು ತಿನ್ಕೊಂಡು ಹೋಗು."

"ಭಾವ, ನೀವು ಎಲ್ಲಾದ್ರೂ ಕೂತ್ಕೊಳಿ. ಅಕ್ಕಂಗೆ ಫೋನ್ ಕೊಡಿ" ಎಂದ.

ಸರೋಜ ಕಿವಿಗೆ ಫೋನು ಹಿಡಿದು ಎಲ್ಲ ಕೇಳಿಸಿಕೊಂಡಳು. ಒಂದೇ ಮಾತು ಆಡಿದಳು: "ಎಣ್ಣೆ ಹುಡುಕೋರಿಗೆ ನೀರು ಸಿಕ್ಕಿದ್ರೆ, ಅದು ಸಿಕ್ಕಿದ್ದು ಅಲ್ವಂತೆ." ಪೂವಯ್ಯನವರ ಚಮಚ ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ಅವರು ಎದ್ದು ಹೋದದ್ದು ಯಾವಾಗ ಎಂದು ನನಗೆ ನೆನಪಿಲ್ಲ.

ಆಮೇಲಿನ ದಿನಗಳನ್ನು ನೆನೆಯಲು ಈಗಲೂ ಮನಸ್ಸು ಬರುವುದಿಲ್ಲ. ಶೇರು ಇಳಿದದ್ದಕ್ಕಲ್ಲ. ಸರೋಜ ನನ್ನನ್ನು ಬೈಯಲಿಲ್ಲ; ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಸಂಜೆಯ ಹೊತ್ತು ಒಬ್ಬಳೇ ತೋಟಕ್ಕೆ ಹೋಗಿ, ರೆಂಬೆ ಬಗ್ಗಿಸಿ ಮೊಗ್ಗು ಮುಟ್ಟಿ ನೋಡಿ ಬರುತ್ತಿದ್ದಳು. ಮೊಗ್ಗು ಈಟಿಯ ಮೊನೆಯಂತೆ ಚೂಪಾಗಿ ಬಲಿತಿತ್ತು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ನನಗೆ ನಿಜವಾಗಿ ಭಯವಾಯಿತು. ಕೊನೆಗೆ ಮಾನ ಮರ್ಯಾದೆ ಎಲ್ಲ ಮನೆಯಲ್ಲೇ ಬಿಟ್ಟು, ಕೆರೆಯಿಂದ ಸ್ವಲ್ಪ ನೀರು ಕೊಡಿ ಎಂದು ಕೇಳಲು ಪೂವಯ್ಯನವರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು.

"ನೀರಾ? ನಿನ್ನ ಕಂಪನಿಯಲ್ಲಿ ಪದರದ ತುಂಬ ಉಂಟಲ್ಲ ಮಾರಾಯ. ನನ್ನ ಪಾಲಿಂದೂ ಸೇರಿಸಿ ಅಲ್ಲಿಂದಲೇ ತಕ್ಕೊ!"

ನಾನು ಬರಿಗೈಯಲ್ಲಿ ವಾಪಸು ಬಂದೆ. ಸರೋಜ ಚಪ್ಪಲಿ ಮೆಟ್ಟಿಕೊಂಡು ಹೋಗಿ ಪೂವಯ್ಯನವರ ಹೆಂಡತಿಯ ಹತ್ತಿರ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ನೀರು ಗೊತ್ತು ಮಾಡಿಕೊಂಡು ಬಂದಳು. ಗಂಡಸರು ಎಣ್ಣೆ, ಶೇರು, ಆಫ್ರಿಕಾ ಎಂದೆಲ್ಲ ಸುತ್ತಿ ಬಳಸುವಲ್ಲಿ ಹೆಂಗಸರು ಬೇಲಿ ದಾಟಿ ಹೋಗಿಬಿಡುತ್ತಾರೆ. ಒಂದೇ ಷರತ್ತು: ಸ್ಪ್ರಿಂಕ್ಲರ್ ಪೈಪು ಎಳೆಯಲು ಅವರಲ್ಲಿ ಆಳು ಸಾಲದು. ಅವರ ತೋಟ ಮುಗಿಯುವ ತನಕ ನಾನು ಪೈಪು ಹೊತ್ತುಕೊಡಬೇಕು, ಆಮೇಲೆ ಅದೇ ಪೈಪು ನಮ್ಮ ತೋಟಕ್ಕೆ.

ಹೊತ್ತೆ. ನಮ್ಮ ಸರದಿಯೂ ಬಂತು, ಹೊತ್ತು ಮೀರುವ ಮುಂಚೆಯೇ ನಮ್ಮ ಗಿಡಗಳೂ ನೆನೆದವು. ಈಗ ಇಡೀ ತೋಟ ಬೆಳ್ಳಗೆ ಹೂ ಬಿಟ್ಟು ಘಮಘಮ ಎನ್ನುತ್ತಿದೆ. ಸರೋಜ ನನ್ನ ಜೊತೆ ನಗುತ್ತಾ ಮಾತಾಡುತ್ತಾಳೆ. ಆದರೆ ಹೂ ಬಿಟ್ಟ ಮೇಲೂ ಇನ್ನೊಂದು ಸಲ ನೀರು ಕೊಡಬೇಕು, ಇಲ್ಲದಿದ್ದರೆ ಕಾಯಿ ನಿಲ್ಲುವುದಿಲ್ಲ. ಆದ್ದರಿಂದ ಮತ್ತೆ ಪೂವಯ್ಯನವರ ಎಸ್ಟೇಟಿನಲ್ಲಿ ಹೆಗಲ ಮೇಲೆ ಪೈಪು ಹೊತ್ತಿದ್ದೇನೆ. ಕೆಳಗೆ ಕೆರೆಯ ಹತ್ತಿರ ಅವರು ತಾವೇ ನಿಂತು ಮೋಟಾರು ಚಾಲೂ ಮಾಡುತ್ತಾರೆ. ಆಳುಗಳಿಗೆಲ್ಲ ಕೇಳುವಂತೆ, ಇಡೀ ಗುಡ್ಡಕ್ಕೆ ಕೇಳುವಂತೆ ಕೂಗುತ್ತಾರೆ: "ಏನಪ್ಪಾ ಮಲ್ಲೇಶ, ನೀರು ಬಂತಾ?"

"ಬಂತು ಅಣ್ಣ, ಬಂತು!" ಎಂದು ನಾನೂ ಕೂಗುತ್ತೇನೆ. ಅವರು ನಂಬುವುದಿಲ್ಲ. ಬಂತೋ ಇಲ್ಲವೋ ನೋಡಿ ಬರಲು ಪಕ್ಕದಲ್ಲಿರುವ ಆಳೊಬ್ಬನನ್ನು ಕಳಿಸುತ್ತಾರೆ.