ಮನಿ ಪ್ಲಾಂಟ್ ಕದಿಯುವಿಕೆಯನ್ನು ಕ್ರಮಬದ್ಧಗೊಳಿಸುವ ಕುರಿತು

ಅಂಗಳ ಮತ್ತು ಕಟ್ಟೆ ಹಸಿರು ನಿರ್ವಹಣಾ ಕಚೇರಿ
ಗಿಣಿಗೇರಾ ವಿಭಾಗ, ತಾ. ಜಿ. ಕೊಪ್ಪಳ

ಸಂಖ್ಯೆ: ಅಂಕಹ/ಬಳ್ಳಿ/ಕಳವು/07/2025-26
ದಿನಾಂಕ: 06-05-2025

ವಿಷಯ: ಉಷ್ಣವಲಯದ ಗಿಡಗಳ ಆಯ್ಕೆ, ಪಾಲನೆ ಮತ್ತು ಅಪಹರಣದಲ್ಲಿ ಪಾಲಿಸಬೇಕಾದ ಶಿಷ್ಟಾಚಾರ.

ಉಲ್ಲೇಖ: 1. ಶ್ರೀಮತಿ ಬಾಷಾಬಿ ಅವರ ಮೌಖಿಕ ದೂರು.
2. ಕ್ಷೇತ್ರ ಸಹಾಯಕ ಶ್ರೀ ವೆಂಕೋಬ ಅವರ ಸ್ಥಳ ಪರಿಶೀಲನಾ ವರದಿ.

ಉಷ್ಣವಲಯದವು ಎಂದು ನರ್ಸರಿಯಿಂದ ತಂದ ಆಂಥೂರಿಯಂ, ಫರ್ನ್ ಮೊದಲಾದ ಗಿಡಗಳು ನಮ್ಮ ಏಪ್ರಿಲ್ ತಿಂಗಳನ್ನು ತಮ್ಮ ವಲಯವೆಂದು ಒಪ್ಪದೆ ಒಣಗಿಹೋಗಿರುವುದು ಕಚೇರಿಯ ಗಮನಕ್ಕೆ ಬಂದಿದೆ. ಕಟ್ಟೆಗಳ ಮೇಲೆ ಉಳಿದಿರುವುದು ಮನಿ ಪ್ಲಾಂಟ್ ಮಾತ್ರ. ಸದರಿ ಬಳ್ಳಿ ಕದ್ದು ತಂದರಷ್ಟೇ ಚಿಗುರುತ್ತದೆ, ಕೇಳಿ ಪಡೆದರೆ ಕೊಳೆಯುತ್ತದೆ ಎಂಬ ನಂಬಿಕೆಯು ಸಾರ್ವಜನಿಕರಲ್ಲಿ ಬೇರೂರಿದೆ.

ಇದರಿಂದ ಬಾಧಿತರಾದವರು ಬಾಷಾಬಿ. ಕಾರ್ಖಾನೆಯ ಕರಿ ಧೂಳನ್ನು ಪ್ರತಿ ಎಲೆಯಿಂದಲೂ ಒದ್ದೆ ಬಟ್ಟೆಯಲ್ಲಿ ಒರೆಸಿ ಬೆಳೆಸಿದ ಅವರ ಬಳ್ಳಿಯು ಓಣಿಯ ಮನೆಮನೆಗೂ ಕಳುವಾಗಿ, ಈಗ ಒಂಟಿ ಗೆಣ್ಣಾಗಿ ಉಳಿದು, ಅದೂ ಹಳದಿಗೆ ತಿರುಗಿದೆ. ಅವರ ದಿವಂಗತ ಪತಿ ನಜೀರಸಾಬ ಇವರನ್ನೇ ಹೆಣ್ಣು ನೋಡಲು ಹಿಟ್ನಾಳಕ್ಕೆ ಹೋದ ದಿನ ಹೆಣ್ಣಿನ ಮನೆಯ ಅಂಗಳದಿಂದಲೇ ಕದ್ದು, ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದ ಬಳ್ಳಿ ಅದು. "ಆ ಎಲೆಗಳ ನೆರಳಿಗೆ ಒಂದು ಹಳೆಯ ಸಂಜೆಯ ಬಣ್ಣವಿದೆ" ಎಂಬ ವರದಿಯ ವಾಕ್ಯವನ್ನು ಆಡಳಿತಾತ್ಮಕ ಕಾರಣಗಳಿಂದ ಕೈಬಿಡಲಾಗಿದೆ.

ಹೇಳಿಕೆಗಳನ್ನು ಯಥಾವತ್ತಾಗಿ ದಾಖಲಿಸಿದೆ.

ಬಾಷಾಬಿ: "ಕೇಳಿದ್ರ ಬೊಗಸಿ ತುಂಬ ಕೊಡ್ತೀನ್ರಿ. ಕೇಳೋರಽ ಇಲ್ಲ. ನಾ ಬಾಗಲದಾಗ ನಿಂತಿದ್ರ, 'ಚಾಚಿ, ಒಂದೀಟು ಒಳಗ ಹೋಗಬೇ' ಅಂತಾರ!"

ಎದುರು ಮನೆಯ ಕಳಕಮ್ಮ: "ನಾವೇನು ಮಂದಿ ಮನ್ಯಾಗ ಕದ್ದೀವೇನ್ರಿ ಸಾಹೇಬ್ರ? ನಮ್ಮ ಚಾಚಿ ಮನ್ಯಾಗ ಕದ್ದೀವಿ. ಈಗ ವಾಪಸ್ ಕೊಡಾಕ ಹೋದ್ರ, ಕೊಟ್ಟದ್ದು ಹತ್ತಂಗಿಲ್ಲ, ಬ್ಯಾಡ ಅಂತಾಳ."

ಹಾಗಾದರೆ ತಾವೇ ಕದಿಯಬಹುದಲ್ಲವೇ ಎಂದು ಕೇಳಲಾಗಿ, ಬಾಷಾಬಿ: "ಛೀ! ಹುಟ್ಟಿದಾಗಿಂದ ಮಂದೀದು ಒಂದು ಕಡ್ಡಿ ಮುಟ್ಟಿಲ್ರಿ ಈ ಕೈ."

ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

1. ಕದಿಯುವ ತುಂಡಿನಲ್ಲಿ ಕನಿಷ್ಠ ಒಂದು ಗೆಣ್ಣು ಇರತಕ್ಕದ್ದು. ಬರೀ ಎಲೆ ಕದ್ದವರನ್ನು ಕಳ್ಳರೆಂದು ಪರಿಗಣಿಸದೆ ತರಬೇತಿಗೆ ಕಳುಹಿಸಲಾಗುವುದು.

2. ಕದಿಯುವ ಮುನ್ನ ಗೇಟಿನ ಬಳಿ ಕೆಮ್ಮತಕ್ಕದ್ದು. ಕೆಮ್ಮು ಕೇಳಿದ ಕೂಡಲೇ ಮಾಲೀಕರು, ಒಲೆಯ ಮೇಲೆ ಹಾಲಿಟ್ಟದ್ದು ನೆನಪಾದವರಂತೆ ಒಳಹೋಗತಕ್ಕದ್ದು. ಹಾಲಿಲ್ಲದ ಮನೆಯವರು ಸಾರನ್ನು ನೆನೆಯಬಹುದು.

3. ಉಪಕಾರ ಸ್ಮರಿಸಿದಲ್ಲಿ ಕಳವು ತಾನಾಗಿಯೇ ದಾನವಾಗಿ ಪರಿವರ್ತನೆಗೊಂಡು ಬೇರು ಕೊಳೆಯುವುದರಿಂದ, ಕದ್ದವರು ಮುಖ ಗಂಟಿಕ್ಕಿಕೊಂಡೇ ಹೊರನಡೆಯತಕ್ಕದ್ದು.

4. ಇಬ್ಬರೂ ಮುಖಾಮುಖಿಯಾದಲ್ಲಿ ಬಿಸಿಲಿನ ಬಗ್ಗೆ ಮಾತನಾಡತಕ್ಕದ್ದು. ಕದ್ದವರ ಕೈಯಲ್ಲಿ ಬಳ್ಳಿ ತೂಗಾಡುತ್ತಿದ್ದರೂ ಅದು ಉಭಯತ್ರರಿಗೂ ಕಾಣತಕ್ಕದ್ದಲ್ಲ.

5. ಬರುವ ಶುಕ್ರವಾರ ಇಳಿಹೊತ್ತಿನಲ್ಲಿ ಓಣಿಯ ಸಮಸ್ತರೂ ತಂತಮ್ಮ ಕುಂಡಗಳನ್ನು ಕಟ್ಟೆಯ ಅಂಚಿಗೆ ಸರಿಸಿ, ಬಾಷಾಬಿಯವರು ಹಾದುಹೋಗುವವರೆಗೆ ಪಶ್ಚಿಮದತ್ತ ನೋಡುತ್ತ ನಿಲ್ಲತಕ್ಕದ್ದು. ಸೂರ್ಯಾಸ್ತವು ನೋಡುವಷ್ಟು ಚೆನ್ನಾಗಿಲ್ಲ ಎಂಬ ಕಾರಣಕ್ಕೆ ವಿನಾಯಿತಿ ಕೋರತಕ್ಕದ್ದಲ್ಲ.

6. ಅವರು ಏನನ್ನೂ ಕದಿಯದೆ ಮನೆ ಸೇರಿದಲ್ಲಿ, ಓಣಿಯವರು ಸರಿಯಾಗಿ ಬೇರೆಡೆ ನೋಡಿಲ್ಲವೆಂದು ಭಾವಿಸಿ ಶಿಸ್ತುಕ್ರಮ ಜರುಗಿಸಲಾಗುವುದು. ಕಳುವಾಗದ ಬಳ್ಳಿಗೆ ಅದರ ಮಾಲೀಕರೇ ಜವಾಬ್ದಾರರು.

ಸಹಿ/-
ಮುಖ್ಯ ಹಸಿರಾಧಿಕಾರಿ

ಪ್ರತಿ:

1. ಶ್ರೀಮತಿ ಕಳಕಮ್ಮ, ಎದುರು ಮನೆ: ಅನುಪಾಲನೆಗಾಗಿ. ಕಿಟಕಿಯಿಂದ ಇಣುಕುವುದನ್ನೂ ನೋಡುವುದೆಂದೇ ಪರಿಗಣಿಸಲಾಗುವುದು.

2. ಶ್ರೀ ವೆಂಕೋಬ, ಕ್ಷೇತ್ರ ಸಹಾಯಕ: ಸ್ಥಳ ಪರಿಶೀಲನೆಯ ದಿನ ದೂರುದಾರರ ಬಳ್ಳಿಯಿಂದ ತಾವು ಕದ್ದು ತಂದು ಈ ಕಚೇರಿಯ ಕಿಟಕಿಯಲ್ಲಿ ನೆಟ್ಟದ್ದು ಚೆನ್ನಾಗಿ ಚಿಗುರಿದೆ. ಸಮಜಾಯಿಷಿ ನೀಡುವುದು.

3. ಶ್ರೀಮತಿ ಬಾಷಾಬಿ: ಈ ಪ್ರತಿಗಾಗಿ ಖುದ್ದಾಗಿ ಕಚೇರಿಗೆ ಬಂದು, ಕಿಟಕಿಯ ಬಳಿ ಬಹಳ ಹೊತ್ತು ನಿಂತು ಹೋದರು. ಪ್ರತಿಯನ್ನು ಮೇಜಿನ ಮೇಲೆಯೇ ಮರೆತಿದ್ದಾರೆ. ಕುಂಡದಲ್ಲಿ ಬಳ್ಳಿಯ ತುದಿ ಕಾಣುತ್ತಿಲ್ಲ. ಸಿಬ್ಬಂದಿಯಲ್ಲಿ ಯಾರೂ ಅವರನ್ನು ಹಿಂದಿನಿಂದ ಕೂಗತಕ್ಕದ್ದಲ್ಲ.